ಕಿರು ಅಣು ರಿಯಾಕ್ಟರ್: ಭರವಸೆ ಮತ್ತು ಸವಾಲು

ಪ್ರತಿ ಘಟಕದಿಂದ 300 ಮೆಗಾವಾಟ್‌ವರೆಗೆ ವಿದ್ಯುತ್ ಉತ್ಪಾದಿಸುವ ಅಣು ಸ್ಥಾವರಗಳನ್ನು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ಕಿರು ರಿಯಾಕ್ಟರ್‌ಗಳೆಂದು ಪರಿಗಣಿಸುತ್ತದೆ. ಕಾರ್ಖಾನೆಯಲ್ಲೇ ಭಾಗಗಳನ್ನು ತಯಾರಿಸಿ, ಸ್ಥಳಕ್ಕೆ ಸಾಗಿಸಿ ಜೋಡಿಸುವುದು ಇವುಗಳ ಮೂಲ ಪರಿಕಲ್ಪನೆ. ಇದರಿಂದ ಆರಂಭಿಕ ಬಂಡವಾಳ ಹಾಗೂ ನಿರ್ಮಾಣಾವಧಿ ತಗ್ಗುವ ನಿರೀಕ್ಷೆಯಿದೆ. ಮುಚ್ಚಿದ ಕಲ್ಲಿದ್ದಲು ಸ್ಥಾವರಗಳ ಜಾಗ, ಉಕ್ಕಿನ ಕಾರ್ಖಾನೆಗಳ ಆವರಣ ಹಾಗೂ ದುರ್ಗಮ ಪ್ರದೇಶಗಳಿಗೆ ಇವು ಸೂಕ್ತವೆನ್ನಲಾಗಿದೆ. ರಷ್ಯಾದ ಪೆವೆಕ್ ಬಂದರಿನಲ್ಲಿ ತಲಾ 35 ಮೆಗಾವಾಟ್‌ನ ಎರಡು ರಿಯಾಕ್ಟರ್‌ಗಳುಳ್ಳ ತೇಲುವ ಸ್ಥಾವರ 2020ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತು.

ವೆಚ್ಚವೇ ದೊಡ್ಡ ತೊಡಕು. ಸ್ಥಾವರ ಕಿರಿದಾದಂತೆ ಪ್ರತಿ ಮೆಗಾವಾಟ್‌ನ ನಿರ್ಮಾಣ ವೆಚ್ಚ ಏರುತ್ತದೆ. ಒಂದೇ ಮಾದರಿಯನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಿದರಷ್ಟೇ ಇದನ್ನು ಸರಿದೂಗಿಸಬಹುದು. ಆದರೆ ದರ ಇಳಿಯದೆ ಬೇಡಿಕೆ ಬಾರದು. ಅಮೆರಿಕದ ಇಡಾಹೊದಲ್ಲಿ ನುಸ್ಕೇಲ್ ಕಂಪನಿಯ 462 ಮೆಗಾವಾಟ್ ಯೋಜನೆಯ ಅಂದಾಜು ವಿದ್ಯುತ್ ದರ ಪ್ರತಿ ಮೆಗಾವಾಟ್ ಗಂಟೆಗೆ 58 ಡಾಲರ್‌ನಿಂದ 89 ಡಾಲರ್‌ಗೆ ಏರಿತು. ಸಾಕಷ್ಟು ಗ್ರಾಹಕರು ದೊರೆಯದೆ 2023ರ ನವೆಂಬರ್‌ನಲ್ಲಿ ಯೋಜನೆ ರದ್ದಾಯಿತು. ಬಳಸಿದ ಇಂಧನದ ವಿಲೇವಾರಿ ಪ್ರಶ್ನೆಯೂ ಹಾಗೆಯೇ ಉಳಿದಿದೆ.

ಕೇಂದ್ರ ಸರ್ಕಾರವು 2025–26ರ ಬಜೆಟ್‌ನಲ್ಲಿ ಈ ಕ್ಷೇತ್ರದ ಸಂಶೋಧನೆಗೆ 20,000 ಕೋಟಿ ರೂ. ಘೋಷಿಸಿ, 2033ರೊಳಗೆ ಕನಿಷ್ಠ ಐದು ಸ್ವದೇಶಿ ಕಿರು ರಿಯಾಕ್ಟರ್‌ಗಳ ಗುರಿ ಹಾಕಿಕೊಂಡಿದೆ. ಕೈಗಾದ ನಾಲ್ಕು ಘಟಕಗಳ ಸಾಮರ್ಥ್ಯ ತಲಾ 220 ಮೆಗಾವಾಟ್ ಮಾತ್ರ. ಹೀಗಾಗಿ ಸಣ್ಣ ಗಾತ್ರ ಭಾರತಕ್ಕೆ ಹೊಸದಲ್ಲ. ಕಾರ್ಖಾನೆಯಲ್ಲಿ ತಯಾರಿಸಿ ಅಗ್ಗವಾಗಿಸುವುದೇ ನಿಜವಾದ ಪರೀಕ್ಷೆ.