ಪುಣೆಯ ಸವಾಯಿ ಗಂಧರ್ವ ಉತ್ಸವವೂ ನಾವೂ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಮನೆಗಳಲ್ಲಿ ಪುಣೆಗೆ ಹೋಗಿಬರುವುದೆಂದರೆ ಬಹುಮಟ್ಟಿಗೆ ನೌಕರಿಯ ನಿಮಿತ್ತ, ಮಕ್ಕಳ ಕಾಲೇಜಿನ ನಿಮಿತ್ತ, ಇಲ್ಲವೆ ಔಷಧೋಪಚಾರದ ನಿಮಿತ್ತ. ಡಿಸೆಂಬರ ತಿಂಗಳಲ್ಲಿ ಮಾತ್ರ ಈ ಯಾವ ಕಾರಣವೂ ಇಲ್ಲದೆ, ಒಂದು ಶಾಲನ್ನೂ ಬುತ್ತಿಯ ಗಂಟನ್ನೂ ಹಿಡಿದು ರೈಲು ಹತ್ತುವವರು ನಮ್ಮಲ್ಲಿ ಕೆಲವರಿದ್ದಾರೆ. ಅವರು ಹೋಗುವುದು ಸವಾಯಿ ಗಂಧರ್ವ ಉತ್ಸವಕ್ಕೆ. ಮರಳಿ ಬಂದಮೇಲೆ ನೆರೆಹೊರೆಯವರು ಅವರನ್ನು ಕೇಳುವ ಪ್ರಶ್ನೆ ಒಂದೇ: “ನಮ್ಮವರು ಯಾರು ಹಾಡಿದರು?” ಈ ‘ನಮ್ಮವರು’ ಎಂಬ ಶಬ್ದವನ್ನು ತುಸು ವಿಚಾರಿಸಿ ನೋಡಬೇಕೆಂದೇ ನಾವು ಈ ಲೇಖನಕ್ಕೆ ಕೈಹಾಕಿದ್ದೇವೆ.

ಉತ್ಸವಕ್ಕೆ ಹೆಸರು ಕೊಟ್ಟ ಮಹನೀಯರ ನಿಜನಾಮ ರಾಮಚಂದ್ರ. ಜನರ ಬಾಯಲ್ಲಿ ರಾಮಭಾವು ಕುಂದಗೋಳಕರ. 1886ರಲ್ಲಿ ಜನಿಸಿದ ಅವರು ಬೆಳೆದದ್ದು ಕುಂದಗೋಳದಲ್ಲಿ. ಕುಂದಗೋಳವು ಇಂದು ಧಾರವಾಡ ಜಿಲ್ಲೆಯ ಒಂದು ತಾಲೂಕು ಸ್ಥಳ. ಅಂದು ಅದು ಪಟವರ್ಧನ ಮನೆತನದ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಪ್ರಜೆಗಳ ಮಾತು ಕನ್ನಡ, ದರಬಾರಿನ ಮನೆತನದ ಮಾತು ಮರಾಠಿ. ಇಂಥ ಊರಿನಲ್ಲಿ ಹುಡುಗನೊಬ್ಬನು ಎರಡೂ ಭಾಷೆಗಳ ನಡುವೆ ಬೆಳೆಯುವುದು ಅಂದಿಗೆ ವಿಶೇಷವೇನೂ ಅಲ್ಲ. ನಮ್ಮ ಮಕ್ಕಳು ಇಂದಿಗೂ ಹಾಗೆಯೇ ಬೆಳೆಯುತ್ತಾರೆ. ಆ ಊರಿನ ನಾಡಿಗೇರ ವಾಡೆಗೆ ಬಂದು ತಂಗುತ್ತಿದ್ದ ಗವಾಯಿಗಳಲ್ಲಿ ಅಬ್ದುಲ ಕರೀಂ ಖಾನರು ಒಬ್ಬರು. ಉತ್ತರದ ಕೈರಾನಾ ಊರಿನ ಈ ಖಾನಸಾಹೇಬರು ಮಿರಜೆಯಲ್ಲಿ ನೆಲೆಸಿ, ಮೈಸೂರಿನ ಅರಮನೆಯವರೆಗೂ ಹೋಗಿ ಹಾಡಿ, ಕರ್ನಾಟಕ ಪದ್ಧತಿಯ ಸರಿಗಮದ ಹಾಡಿಕೆಯನ್ನು ತಮ್ಮ ಗಾಯಕಿಯಲ್ಲಿ ಅಳವಡಿಸಿಕೊಂಡವರು. ತ್ಯಾಗರಾಜರ ಕೃತಿಯೊಂದನ್ನು ಹಾಡಿ ಧ್ವನಿಮುದ್ರಿಕೆಯನ್ನೂ ಕೊಟ್ಟಿದ್ದಾರೆ. ಅವರ ಕೈಯಲ್ಲಿ ರಾಮಭಾವು ಪಳಗಿದರು.

ಮುಂದೆ ರಾಮಭಾವು ಮರಾಠಿ ರಂಗಭೂಮಿಗೆ ಹೋದರು. ಅದು ಗುರುಗಳಿಗೆ ಒಪ್ಪಿಗೆಯಾಗಿರಲಿಲ್ಲ. ಆದರೂ ಹೋದರು, ಸ್ತ್ರೀಪಾತ್ರಗಳನ್ನು ವಹಿಸಿದರು, ಹೆಸರು ಪಡೆದರು. ಗಂಧರ್ವನೆಂದರೆ ಬಾಲಗಂಧರ್ವರೇ ಎಂಬ ಆ ಕಾಲದಲ್ಲಿ ಕುಂದಗೋಳದ ಈ ನಟನಿಗೆ ‘ಸವಾಯಿ’, ಅಂದರೆ ಒಂದೂಕಾಲು ಪಾಲಿನ ಗಂಧರ್ವನೆಂಬ ಬಿರುದು ದೊರೆಯಿತು. ಪ್ರತಿಯೊಂದಕ್ಕೂ ಸವಾ, ದೀಡ ಎಂದು ಲೆಕ್ಕಹಾಕುವ ನಮ್ಮ ಪೇಟೆಯ ಜನರಿಗೆ ಈ ಬಿರುದಿನ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಊರಿಗೆ ಮರಳಿದ ಮೇಲೆ ಅವರು ಗುರುವಾದರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದವರು ಗಂಗೂಬಾಯಿ ಹಾನಗಲ್ಲ. ಗುರು ಬೇಕೆಂದು ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟು, ಟಿಕೀಟಿಲ್ಲದೆ ರೈಲು ಹತ್ತಿ, ಗ್ವಾಲಿಯರ, ಜಲಂಧರಗಳವರೆಗೆ ಅಲೆದ ಗದಗಿನ ಭೀಮಸೇನ ಜೋಶಿಯವರಿಗೆ, ನಿನಗೆ ಬೇಕಾದ ಗುರು ನಿನ್ನ ಮನೆಯ ಹತ್ತಿರವೇ ಇದ್ದಾನೆಂದು ತಿಳಿದುಬಂದದ್ದು ಪಂಜಾಬಿನಲ್ಲಿ! 1936ರಲ್ಲಿ ಅವರು ಕುಂದಗೋಳ ಸೇರಿದರು. ಗುರುಗಳ ಮನೆಗೆ ನೀರು ಹೊತ್ತರು, ಹಾಡನ್ನೂ ಪಡೆದರು. ಬಸವರಾಜ ರಾಜಗುರುಗಳೂ ಮುಂಬಯಿಯ ಪಾರಸಿ ಗಾಯಕ ಫಿರೋಜ ದಸ್ತೂರರೂ ಅದೇ ಗುರುವಿನ ಶಿಷ್ಯರು. 1942ರಲ್ಲಿ ಅರ್ಧಾಂಗವಾಯುವಿಗೆ ತುತ್ತಾದ ಸವಾಯಿ ಗಂಧರ್ವರು 1952ರ ಸಪ್ಟಂಬರದಲ್ಲಿ ಪುಣೆಯಲ್ಲಿ ಕಾಲವಾದರು.

ಗುರುಗಳ ಸ್ಮರಣಾರ್ಥ ಮರುವರ್ಷ, 1953ರಲ್ಲಿ, ಭೀಮಸೇನರು ಪುಣೆಯಲ್ಲಿ ಈ ಉತ್ಸವವನ್ನು ಆರಂಭಿಸಿದರು. ಗಂಧರ್ವರ ಅಳಿಯಂದಿರಾದ ಡಾ. ನಾನಾಸಾಹೇಬ ದೇಶಪಾಂಡೆಯವರೂ ಆರ್ಯ ಸಂಗೀತ ಪ್ರಸಾರಕ ಮಂಡಳವೂ ಬೆನ್ನಿಗೆ ನಿಂತವು. ವಾಚಕರು ಈ ಇಸವಿಯನ್ನು ಗಮನಿಸಬೇಕು. ಆಗ ಪುಣೆಯೂ ಧಾರವಾಡವೂ ಸೊಲ್ಲಾಪುರವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಕುಂದಗೋಳದವರು ಪುಣೆಯಲ್ಲಿ ಉತ್ಸವ ಮಾಡುವುದೆಂದರೆ ತಮ್ಮ ರಾಜ್ಯದ ಒಂದು ದೊಡ್ಡ ಪಟ್ಟಣದಲ್ಲಿ ಮಾಡಿದಂತೆ, ಅಷ್ಟೆ. 1956ರ ನವೆಂಬರ 1ರಂದು ಧಾರವಾಡ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಹೋಯಿತು; ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ನಾವು ಈಚೆಗೆ ಉಳಿದೆವು; 1960ರಲ್ಲಿ ಮಹಾರಾಷ್ಟ್ರದವರಾದೆವು. ಉತ್ಸವಕ್ಕೆ ಆಗಲೇ ಮೂರು ವರ್ಷ ತುಂಬಿತ್ತು. ನಮ್ಮ ಗಡಿಗಿಂತ ಈ ಉತ್ಸವವೇ ವಯಸ್ಸಿನಲ್ಲಿ ಹಿರಿಯದು.

ಈ ಉತ್ಸವದ ಒಂದು ದಿನವೆಂದರೆ ಹಿಂದೆ ಒಂದು ರಾತ್ರಿಯೆಂದೇ ಅರ್ಥ. ಸಂಜೆಗೆ ಆರಂಭವಾದ ಬೈಠಕು ನಸುಕಿಗೆ ಮುಗಿಯುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಕಿರಿಯರು ಮಾರವಾ, ಪೂರಿಯಾಗಳನ್ನು ಹಾಡುವರು. ಊಟದ ಹೊತ್ತು ಮೀರಿದಂತೆ ಯಮನ, ಬಾಗೇಶ್ರೀ. ನಡುವೆ ಸಿತಾರ, ಸರೋದ, ಸಂತೂರ, ಕೊಳಲುಗಳ ವಾದನ, ತಬಲೆಯ ಏಕಾಂಗಿ ವಾದನ, ಕಥಕ ನೃತ್ಯ, ಒಮ್ಮೊಮ್ಮೆ ದಕ್ಷಿಣದ ಪದ್ಧತಿಯ ಪಿಟೀಲು. ಖ್ಯಾಲು ಮುಗಿದೊಡನೆ ಠುಮರಿ, ಅದರ ಹಿಂದೆ ನಾಟ್ಯಪದ, ಅದರ ಹಿಂದೆ ಅಭಂಗ. ಶಾಸ್ತ್ರಶುದ್ಧ ಸಂಗೀತದ ಸಭೆಯಲ್ಲಿ ಇಷ್ಟೊಂದು ಬಗೆಯ ಸಂಗೀತ ಏಕೆಂದು ಕೆಲವರು ಮೂಗು ಮುರಿಯುವುದುಂಟು. ಆದರೆ ಯಾರ ಹೆಸರಿನಲ್ಲಿ ಉತ್ಸವ ನಡೆಯುತ್ತದೆಯೋ ಅವರೇ ಖ್ಯಾಲು ಹಾಡಿ, ನಾಟಕದಲ್ಲಿ ಸೀರೆಯುಟ್ಟು ಹಾಡಿ ಬಂದವರು. ಅವರ ಸಭೆಯಲ್ಲಿ ಈ ತಕರಾರಿಗೆ ಸ್ಥಳವಿಲ್ಲವೆಂದು ನಮ್ಮ ಮತ.

ಮಧ್ಯರಾತ್ರಿಯ ಮೇಲೆ ಹಿರಿಯರ ಸರದಿ. ಆಗ ದರಬಾರಿ, ಅಡಾಣಾ, ಮಾಲಕಂಸ. ಡಿಸೆಂಬರದ ಚಳಿಯಲ್ಲಿ ಜಮಖಾನದ ಮೇಲೆ ಕಂಬಳಿ ಹೊದ್ದು ಕುಳಿತವರು, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡ ತಾಯಂದಿರು, ಚಹಾದ ಸಾಲಿನಲ್ಲಿ ನಿಂತೇ ತಾಳ ಹಾಕುವವರು. ನಸುಕು ಹರಿಯುವಾಗ ಲಲಿತ, ಬಳಿಕ ತೋಡಿ. ಉತ್ಸವದ ಕೊನೆಯ ಹಾಡಿಕೆ ಬಹುಕಾಲ ಭೀಮಸೇನರದೇ ಆಗಿತ್ತು. ಇದೇ ವೇದಿಕೆಯಲ್ಲಿ ಗಂಗೂಬಾಯಿಯವರು ಹಾಡಿದರು. ಕಿರಾನಾ ಘರಾಣೆಗೆ ಸೇರದ ಮಲ್ಲಿಕಾರ್ಜುನ ಮನಸೂರರೂ ಕುಮಾರ ಗಂಧರ್ವರೂ ಹಾಡಿದರು. ಮನಸೂರ ಧಾರವಾಡದ ಹತ್ತಿರದ ಹಳ್ಳಿ. ಕುಮಾರರ ಸುಳೇಭಾವಿ ಬೆಳಗಾವಿಯ ಮಗ್ಗುಲಿನದು. ಮರಾಠಿ ನಗರದ ಉತ್ಸವದಲ್ಲಿ ಹಿಂದಿಯ ಚೀಜುಗಳನ್ನು ಹಾಡುತ್ತಿದ್ದ ಅಷ್ಟೊಂದು ಕಂಠಗಳು ಮನೆಯಲ್ಲಿ ಕನ್ನಡ ಆಡುವವರವಾಗಿದ್ದವು.

ಆ ರಾತ್ರಿಗಳು ಈಗಿಲ್ಲ. 2000ದಲ್ಲಿ ಬಂದ ಶಬ್ದಮಾಲಿನ್ಯದ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿದವು. ವರ್ಷದಲ್ಲಿ ಕೆಲವೇ ದಿನ ನಡುರಾತ್ರಿಯವರೆಗೆ ಅನುಮತಿ ಕೊಡುವ ಅಧಿಕಾರ ಸರಕಾರಕ್ಕೆ ಉಳಿಯಿತು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಗಟ್ಟಿಗೊಳಿಸಿತು. ನಿಯಮ ಅನ್ಯಾಯದ್ದೆಂದು ನಾವು ಹೇಳಲಾರೆವು. ರೋಗಿಗಳೂ ಪರೀಕ್ಷೆಗೆ ಓದುವ ಹುಡುಗರೂ ಊರಲ್ಲಿರುತ್ತಾರೆ. ಆದರೆ ರಾಗಗಳಿಗೆ ಗಡಿಯಾರವುಂಟು. ಬೈಠಕು ಮಧ್ಯಾಹ್ನಕ್ಕೆ ಸರಿದೊಡನೆ ನಡುರಾತ್ರಿಯ ದರಬಾರಿಗೆ ತನ್ನ ಹೊತ್ತು ತಪ್ಪಿತು, ನಸುಕಿನ ಲಲಿತಕ್ಕೆ ಸಭೆಯೇ ತಪ್ಪಿತು. ಅದಕ್ಕೆ ಬದಲಾಗಿ, ಹಿಂದೆ ಈ ವೇದಿಕೆಯಲ್ಲಿ ಹೊತ್ತೇ ದೊರೆಯದಿದ್ದ ಮುಲತಾನಿ, ಭೀಮಪಲಾಸಗಳು ಇಳಿಬಿಸಿಲಿನಲ್ಲಿ ಹಾಡಿಸಿಕೊಂಡವು. ನಷ್ಟವನ್ನು ತೂಗಿದಾಗ ಲಾಭ ಹಗುರವೇ; ಆದರೂ ಇಳಿಹೊತ್ತಿನಲ್ಲಿ ಒಳ್ಳೆಯ ಮುಲತಾನಿಯನ್ನು ಕೇಳಿದವರು ಅದನ್ನು ಲೆಕ್ಕಕ್ಕೆ ಹಿಡಿಯದೆ ಇರಲಾರರು.

ಇನ್ನು ‘ನಮ್ಮವರು’ ಎಂಬ ಮಾತಿಗೆ ಬರೋಣ. 2008ರಲ್ಲಿ ಭೀಮಸೇನರಿಗೆ ಭಾರತರತ್ನ ಘೋಷಣೆಯಾದಾಗ ಗಡಿಯ ಎರಡೂ ಬದಿಯವರು ಅವರನ್ನು ತಮ್ಮವರೆಂದು ಕೊಂಡಾಡಿದರು. ಯಾರದೂ ಸುಳ್ಳಲ್ಲ. ಅವರು ಪುಣೆಯಲ್ಲಿ ಮನೆ ಮಾಡಿದರು, ‘ಸಂತವಾಣಿ’ಯೆಂದು ಮರಾಠಿ ಅಭಂಗಗಳನ್ನು ಹಾಡಿದರು, ಕನ್ನಡದ ದಾಸರ ಪದಗಳನ್ನು ಹಾಡಿದರು, 1966ರ ‘ಸಂಧ್ಯಾರಾಗ’ ಕನ್ನಡ ಚಿತ್ರಕ್ಕೂ ಕಂಠ ಕೊಟ್ಟರು. ಅಭಂಗದ ವಿಠ್ಠಲನೂ ದಾಸರ ಪದದ ವಿಠ್ಠಲನೂ ಒಬ್ಬನೇ. ಅವನು ನಮ್ಮ ಸೊಲ್ಲಾಪುರ ಜಿಲ್ಲೆಯ ಪಂಢರಪುರದಲ್ಲಿಯೇ ಇಟ್ಟಿಗೆಯ ಮೇಲೆ ನಿಂತಿದ್ದಾನೆ. ಅವನನ್ನು ಕನ್ನಡದವನೆಂದು ಕರೆದವರು ಮರಾಠಿಯ ಸಂತ ಜ್ಞಾನೇಶ್ವರರು. ಹೀಗಿರುವಾಗ ಗುರುಪರಂಪರೆಯಲ್ಲಿ ಕೈರಾನಾದ ಮುಸಲ್ಮಾನ ಉಸ್ತಾದರನ್ನೂ ಮುಂಬಯಿಯ ಪಾರಸಿ ಗಾಯಕರನ್ನೂ ‘ನಮ್ಮವರು’ ಎಂಬ ಎಣಿಕೆಯಿಂದ ಹೊರಗಿಡುವ ಬಗೆ ಹೇಗೆ?

ಆದರೆ ನಮಗೊಂದು ಅಳಲುಂಟು; ಅದನ್ನು ಮುಚ್ಚಿಡುವುದಿಲ್ಲ. ಪುಣೆಯ ತರುಣರು ಈ ಉತ್ಸವವನ್ನು ಬರಿಯ ‘ಸವಾಯಿ’ ಎನ್ನುತ್ತಾರೆ. 2011ರಲ್ಲಿ ಭೀಮಸೇನರು ತೀರಿದ ಮೇಲೆ ಅವರ ಹೆಸರೂ ಉತ್ಸವದ ಹೆಸರಿಗೆ ಸೇರಿತು, ಅದು ಯೋಗ್ಯವೇ. ಆದರೆ ಸವಾಯಿ ಎಂದರೆ ಯಾರು, ಯಾವ ಊರಿನವರು ಎಂದು ಕೇಳಿದರೆ ಉತ್ತರ ಕೊಡುವವರು ವಿರಳ. ಪರರನ್ನು ದೂರಿ ಫಲವೇನು? ನಮ್ಮ ಕನ್ನಡ ಶಾಲೆಗಳ ಮಕ್ಕಳಿಗಾದರೂ ಕುಂದಗೋಳವೆಂಬ ಹೆಸರು ಗೊತ್ತೆ? ಅಲ್ಲಿಯೂ ಗಂಧರ್ವರ ಪುಣ್ಯಸ್ಮರಣೆಯ ಸಂಗೀತೋತ್ಸವ ನಡೆಯುತ್ತ ಬಂದಿದೆಯೆಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ತಿಳಿದಿದೆ?

ಹಂದಿಜ್ವರದ ಹಾವಳಿಯಿಂದ 2009ರ ಉತ್ಸವ 2010ರ ಜನೇವರಿಗೆ ಮುಂದೆ ಹೋಯಿತು. ಕೊರೋನಾದಿಂದ 2020, 2021ರಲ್ಲಿ ನಡೆಯಲೇ ಇಲ್ಲ. 2022ರಲ್ಲಿ ಮುಕುಂದನಗರದ ಬಯಲಿನಲ್ಲಿ ಮತ್ತೆ ಜಮಖಾನ ಹಾಸಿದರು. ಹುಬ್ಬಳ್ಳಿಯ ಜಯತೀರ್ಥ ಮೇವುಂಡಿ, ಗದಗಿನ ಪುಣ್ಯಾಶ್ರಮದಲ್ಲಿ ಕಲಿತ ವೆಂಕಟೇಶಕುಮಾರ ಮೊದಲಾದವರು ಈ ಉತ್ಸವದಲ್ಲಿ ಹಾಡಿದ್ದಾರೆ; ನೆರೆಯವರ ಪ್ರಶ್ನೆಗೆ ಹೇಳಲು ಹೆಸರುಗಳಿಗೆ ಬರವಿಲ್ಲ.

ಕೊನೆಯ ದಿನ ಕೊನೆಯ ಗಾಯಕರು ಎದ್ದಮೇಲೆ ಅಲ್ಲಿ ಒಂದು ರೂಢಿಯಿದೆ. ವೇದಿಕೆ ಬರಿದಾಗಿರುತ್ತದೆ. ಸವಾಯಿ ಗಂಧರ್ವರ ಭೈರವಿಯ ಹಳೆಯ ಧ್ವನಿಮುದ್ರಿಕೆಯನ್ನು ಹಚ್ಚುತ್ತಾರೆ. ಶಾಲು ಮಡಚುತ್ತಿದ್ದವರು ಕೈ ತಡೆಯುತ್ತಾರೆ. ಬಾಗಿಲ ಕಡೆಗೆ ಹೊರಟವರು ಅಲ್ಲಿಯೇ ನಿಲ್ಲುತ್ತಾರೆ. ಕೆಲವೇ ನಿಮಿಷಗಳ ಹಾಡು. ಅದು ಮುಗಿದಮೇಲೆ ನಾವು ಬುತ್ತಿಯ ಬರಿಗಂಟನ್ನು ಹಿಡಿದು, ಸೊಲ್ಲಾಪುರದ ಗಾಡಿ ತಪ್ಪಬಾರದೆಂದು ಸ್ಟೇಶನ್ನಿನ ಕಡೆಗೆ ಬಿರಬಿರನೆ ಹೆಜ್ಜೆ ಹಾಕುತ್ತೇವೆ.