ಕುಂದಗೋಳದ ಸವಾಯಿ, ನೇಪಲ್ಸಿನ ಕರೂಸೊ

ಇಟಲಿಯ ನೇಪಲ್ಸ್ ಊರಿನ ಎನ್ರಿಕೊ ಕರೂಸೊ ಎಂಬ ಗಾಯಕನ ಕತೆಯನ್ನು ನಮ್ಮಂಥ ಊರು ಬಿಟ್ಟವರು ಒಮ್ಮೆಯಾದರೂ ಓದಬೇಕು. ಒಪೇರಾ ಅಂದರೆ ನಮ್ಮ ಕಂಪನಿ ನಾಟಕದ ಹಾಗೆ ಹಾಡಿನಲ್ಲೇ ನಡೆಯುವ ಆಟ. ಆದರೆ ಅಲ್ಲಿ ಮಾತಿಗೆ ಜಾಗ ಬಹಳ ಕಡಿಮೆ. ಅದರಲ್ಲಿ ಎತ್ತರದ ಗಂಡು ದನಿಗೆ ಟೆನರ್ ಅಂತಾರೆ. ಸಾಮಾನ್ಯವಾಗಿ ಕಥಾನಾಯಕನ ಪಾತ್ರ ಅವನದೇ. ಕರೂಸೊ ಹುಟ್ಟಿದ್ದು 1873ರಲ್ಲಿ, ಬಡ ಮನೆಯಲ್ಲಿ. ಹೊರಗೆ ಹೆಸರು ಮಾಡಿ 1901ರ ಡಿಸೆಂಬರಿನಲ್ಲಿ ತನ್ನೂರಿನ ಸಾನ್ ಕಾರ್ಲೊ ರಂಗಮಂದಿರದಲ್ಲಿ ಹಾಡಿದ. ಊರಿನ ವಿಮರ್ಶಕರು ಅವನು ಬಯಸಿದ ಹಾಗೆ ಬರಮಾಡಿಕೊಳ್ಳಲಿಲ್ಲ. ಮನಸ್ಸಿಗೆ ಎಷ್ಟು ನಾಟಿತೆಂದರೆ ಇನ್ನು ಈ ಊರಲ್ಲಿ ಹಾಡುವುದಿಲ್ಲ ಅಂತ ತೀರ್ಮಾನಿಸಿಬಿಟ್ಟ. 1903ರಿಂದ 1920ರವರೆಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೇರಾದಲ್ಲಿ 860ಕ್ಕೂ ಹೆಚ್ಚು ಸಲ ಹಾಡಿದ. 1921ರ ಆಗಸ್ಟಿನಲ್ಲಿ ಸಾಯುವ ಹೊತ್ತಿಗೆ ನೇಪಲ್ಸಿನಲ್ಲೇ ಇದ್ದ. ಆದರೆ ಆ ಊರಿನ ರಂಗದ ಮೇಲೆ ಮತ್ತೆ ಹಾಡಲೇ ಇಲ್ಲ.

ನಾನು ಹೈದರಾಬಾದಿಗೆ ಬಂದು ಮೂವತ್ತು ವರ್ಷ ದಾಟಿತು. ಇಷ್ಟು ವರ್ಷ ಇಲ್ಲಿದ್ದ ಮೇಲೆ ಇಂಥ ಕತೆ ಓದಿದಾಗ ಒಂದು ಪ್ರಶ್ನೆ ಏಳುತ್ತದೆ: ಬೇರೆ ನಾಡಿನಲ್ಲಿ, ಬೇರೆ ನುಡಿಯಲ್ಲಿ ಹಾಡಿ ದೊಡ್ಡವರಾದವರು ಕೊನೆಗೆ ಯಾರವರು? ನನ್ನ ಮರಾಠಿ ಸಹೋದ್ಯೋಗಿಯೊಬ್ಬರು ಭೀಮಸೇನ ಜೋಶಿಯವರನ್ನು "ನಮ್ಮವರು" ಅನ್ನುತ್ತಿದ್ದರು. ನಾನು ಗದಗ ಅಂತ ಶುರು ಮಾಡಿದರೆ ಅವರು ಪುಣೆ ಅಂತ ಮುಗಿಸುತ್ತಿದ್ದರು. ಆ ಜಗಳದಲ್ಲಿ ನಾವಿಬ್ಬರೂ ಮರೆಯುತ್ತಿದ್ದ ಹೆಸರು ಒಂದಿದೆ, ಭೀಮಸೇನರ ಗುರು ಸವಾಯಿ ಗಂಧರ್ವರದು. ನಮ್ಮ ಕಡೆಯ ಕರೂಸೊ ಯಾರು ಅಂತ ಯಾರಾದರೂ ಕೇಳಿದರೆ ನಾನು ಅವರ ಹೆಸರನ್ನೇ ಹೇಳುತ್ತೇನೆ.

ಅವರ ನಿಜವಾದ ಹೆಸರು ರಾಮಚಂದ್ರ, ಮನೆತನ ಸಂಶಿಯದು. ಹುಟ್ಟಿದ್ದು 1886ರ ಜನವರಿ 19ರಂದು, ಹುಬ್ಬಳ್ಳಿಯಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರದ ಕುಂದಗೋಳದಲ್ಲಿ. ಈಗ ಅದು ಧಾರವಾಡ ಜಿಲ್ಲೆ. ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಹುಬ್ಬಳ್ಳಿ ಮಾತ್ರ ಬ್ರಿಟಿಷರ ಮುಂಬಯಿ ಪ್ರಾಂತ. ಅಂದರೆ ಕುಂದಗೋಳದ ಹುಡುಗ ಹುಬ್ಬಳ್ಳಿಗೆ ಓದಲು ಹೋದರೂ ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಹೋದಂತೆ. ಗದಗಿನಿಂದ ಪೂರ್ವಕ್ಕೆ ರೈಲು ಹತ್ತಿದರೆ ಕೊಪ್ಪಳ ಆಗಲೇ ನಿಜಾಮರದು, ಅಲ್ಲಿ ನಾಣ್ಯವೂ ಬೇರೆ. ನಾವೀಗ ಕೂತಿರುವ ಹೈದರಾಬಾದ್ ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡ ಮೂರೂ ನಾಡುಗಳಿದ್ದವು, ದರ್ಬಾರಿನ ನುಡಿ ಉರ್ದು. ಕನ್ನಡಿಗ, ಮರಾಠಿಗ ಅಂತ ನಕಾಶೆ ನೋಡಿ ಗೆರೆ ಎಳೆಯುವುದು 1956ರ ಮೇಲೆ ನಮಗೆ ಬಂದ ಅಭ್ಯಾಸ. ಅವರ ಕಾಲವನ್ನು ಆ ಕನ್ನಡಕ ಹಾಕಿಕೊಂಡು ನೋಡಿದರೆ ಏನೂ ಸರಿಯಾಗಿ ಕಾಣುವುದಿಲ್ಲ.

ಹಿಂದೂಸ್ತಾನಿ ಸಂಗೀತ ಧಾರವಾಡದ ಮಣ್ಣಿಗೆ ಹೇಗೆ ಬಂತು? ಬಹಳ ಜನ ಇಲ್ಲಿನ ಗಾಳಿ-ನೀರಿನ ಗುಣ ಅಂತಾರೆ. ನನ್ನ ಮಟ್ಟಿಗೆ ದೊಡ್ಡ ಕಾರಣಗಳು ಎರಡು, ಒಂದು ಅರಮನೆ, ಇನ್ನೊಂದು ರೈಲು. ಮೈಸೂರು ಅರಮನೆ ಉತ್ತರದ ಉಸ್ತಾದರನ್ನು ಕರೆಸಿ ಹಾಡಿಸುತ್ತಿತ್ತು. ರಾಮಚಂದ್ರ ಹುಟ್ಟಿದ ದಶಕದಲ್ಲೇ ಪುಣೆ ಕಡೆಯಿಂದ ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಹಾದು ಮೈಸೂರು ಸೀಮೆಗೆ ಹೋಗುವ ಮೀಟರ್ ಗೇಜ್ ಹಳಿ ಬಂತು. ಕುಂದಗೋಳವೂ ಅದೇ ಹಳಿಯ ಮೇಲಿನ ಊರು. ಉಸ್ತಾದರು ಹೋಗುವಾಗ ಬರುವಾಗ ನಡುವೆ ಇಳಿದರು, ಹಾಡಿದರು, ಕಲಿಸಿದರು.

ಹಾಗೆ ಬಂದವರಲ್ಲಿ ಮುಖ್ಯರು ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನ್ ಸಾಹೇಬರು. ಊರು ದೂರದ ಉತ್ತರ ಪ್ರದೇಶದ ಕೈರಾನಾ, ನೆಲೆಸಿದ್ದು ಮಿರಜದಲ್ಲಿ. ಮೈಸೂರಿನ ನಂಟಿನಿಂದ ಕರ್ನಾಟಕ ಸಂಗೀತಕ್ಕೂ ಮನಸೋತು, ತ್ಯಾಗರಾಜರ ತೆಲುಗು ಕೃತಿಯನ್ನು ಹಾಡಿ ರೆಕಾರ್ಡ್ ಕೊಟ್ಟರು. ರಾಮಚಂದ್ರ ಇವರ ಶಿಷ್ಯರಾದರು. ಅವರದು ಹುಟ್ಟಾ ಇಂಪಾದ ದನಿಯಲ್ಲ. ಒರಟು, ಹೇಳಿದ ಮಾತು ಕೇಳದ ದನಿ. ಅದನ್ನು ವರ್ಷಗಟ್ಟಲೆ ಸಾಧನೆಯಿಂದ ಪಳಗಿಸಿಕೊಂಡರು. ಬಹುಶಃ ಅದಕ್ಕೇ ಮುಂದೆ ಅವರು ಅಷ್ಟು ಒಳ್ಳೆಯ ಗುರುವಾದದ್ದು. ಕಷ್ಟಪಟ್ಟು ಹತ್ತಿದವನಿಗೆ ಪ್ರತಿ ಮೆಟ್ಟಿಲೂ ನೆನಪಿರುತ್ತದೆ.

ಆಮೇಲೆ ಅವರು ಗುರುಗಳ ಮನಸ್ಸಿಗೆ ವಿರುದ್ಧವಾಗಿ ಮರಾಠಿ ನಾಟಕ ಕಂಪನಿ ಸೇರಿದರು. ನಾಟ್ಯಕಲಾ ಪ್ರವರ್ತಕ ಮಂಡಳಿಯಲ್ಲಿ ಸ್ತ್ರೀಪಾತ್ರ ಮಾಡಿದರು. 'ಸೌಭದ್ರ' ನಾಟಕದ ಸುಭದ್ರೆ ಅವರ ಹೆಸರುವಾಸಿ ಪಾತ್ರ. ಗಂಡಸರು ಹೆಣ್ಣಾಗಿ ಹಾಡುವುದು ನಮ್ಮಲ್ಲಷ್ಟೇ ಇದ್ದದ್ದಲ್ಲ ನೋಡಿ. ಪೋಪರ ರೋಮಿನಲ್ಲೂ ಬಹುಕಾಲ ಹೆಂಗಸರಿಗೆ ರಂಗ ನಿಷೇಧವಿತ್ತು, ನಾಯಕಿಯ ಹಾಡನ್ನೂ ಗಂಡಸರೇ ಹಾಡುತ್ತಿದ್ದರು. ಮರಾಠಿ ರಂಗದಲ್ಲಿ ಆಗ ಬಾಲಗಂಧರ್ವರ ಕಾಲ. ಅವರ ಮುಂದೆ ಕುಂದಗೋಳದ ಈ ಗಾಯಕನಿಗೆ ಸಿಕ್ಕ ಬಿರುದು 'ಸವಾಯಿ ಗಂಧರ್ವ'. ಸವಾಯಿ ಅಂದರೆ ಒಂದೂಕಾಲು. ಗಂಧರ್ವನಿಗಿಂತ ಕಾಲು ಪಾಲು ಹೆಚ್ಚು!

ಇಲ್ಲೊಂದು ಸ್ವಾರಸ್ಯವಿದೆ. ಮರಾಠಿ ಸಂಗೀತ ನಾಟಕದ ಬೇರು ಹಿಡಿದು ಹೋದರೆ ಅದು ಮತ್ತೆ ಕನ್ನಡ ನೆಲಕ್ಕೇ ಬರುತ್ತದೆ. ಹೊನ್ನಾವರದ ಹತ್ತಿರದ ಕರ್ಕಿಯ ಆಟದ ಮೇಳ ಸಾಂಗ್ಲಿಗೆ ಹೋಗಿ ಪ್ರದರ್ಶನ ಕೊಟ್ಟಿತು. ಅದನ್ನು ನೋಡಿದ ಸಾಂಗ್ಲಿಯ ದೊರೆ ಮರಾಠಿಯಲ್ಲೂ ಅಂಥದ್ದು ಬೇಕೆಂದಾಗ ವಿಷ್ಣುದಾಸ ಭಾವೆ 1843ರಲ್ಲಿ 'ಸೀತಾ ಸ್ವಯಂವರ' ಆಡಿಸಿದರು. 1880ರಲ್ಲಿ 'ಸಂಗೀತ ಶಾಕುಂತಲ', 1882ರಲ್ಲಿ 'ಸೌಭದ್ರ' ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕನ್ನಡದ ಎಷ್ಟೋ ಮಟ್ಟುಗಳು ಆ ನಾಟಕಗಳ ಹಾಡಿಗೆ ಸೇರಿದವು. ಹಾಗಾಗಿ ಸವಾಯಿ ಗಂಧರ್ವರು ಹಾಡಿದ್ದು ಪರರ ರಂಗದಲ್ಲೋ, ತಮ್ಮ ಅಜ್ಜಂದಿರು ಕೊಟ್ಟ ಸಾಲ ವಸೂಲಿಗೆ ಹೋಗಿದ್ದೋ ಅಂತ ಹೇಳುವುದು ಕಷ್ಟ.

ಟೆನರನಿಗೂ ಕಂಪನಿ ನಟನಿಗೂ ಇನ್ನೊಂದು ಹೋಲಿಕೆ ಇದೆ. ಇಬ್ಬರಿಗೂ ಮೈಕಿಲ್ಲ. ಒಪೇರಾದಲ್ಲಿ ಹತ್ತಾರು ವಾದ್ಯಗಳ ಮೇಲೆ ಒಬ್ಬನ ದನಿ ಹಿಂದಿನ ಸಾಲಿಗೆ ಕೇಳಬೇಕು. ಬರಿಯ ಕೂಗಿನಿಂದ ಅದು ಆಗುವುದಿಲ್ಲ. ಪಳಗಿದ ಗಂಟಲು ಸುಮಾರು 3000 ಹರ್ಟ್ಜ್ ಆಸುಪಾಸಿನಲ್ಲಿ ದನಿಯ ಶಕ್ತಿಯನ್ನು ಒಟ್ಟುಗೂಡಿಸುತ್ತದೆ. ಅಲ್ಲಿ ವಾದ್ಯಗಳ ಬಲ ಕಡಿಮೆ, ನಮ್ಮ ಕಿವಿಯೂ ಆ ಭಾಗದಲ್ಲಿ ಚುರುಕು. ಹೀಗಾಗಿ ಒಂಟಿ ದನಿ ಗದ್ದಲ ಸೀಳಿಕೊಂಡು ಹೋಗುತ್ತದೆ. ನಮ್ಮ ಕಂಪನಿಗಳಲ್ಲಿ ಅಷ್ಟು ವಾದ್ಯಗಳಿಲ್ಲ, ಕಾಲು ಪೆಟ್ಟಿಗೆ ಮತ್ತು ತಬಲಾ. ಆದರೆ ಮೇಲೆ ತಗಡಿನ ಸೂರು, ಮುಂದೆ ಬೀಡಿ ಸೇದುತ್ತ ಕೂತ ಜನ, ಒನ್ಸ್ ಮೋರ್ ಕೂಗು, ರಾತ್ರಿಯಿಡೀ ಆಟ. ಗಂಟಲಿಗೆ ಸುಖವೇನೂ ಇರಲಿಲ್ಲ.

ಇಬ್ಬರ ಕತೆಯನ್ನೂ ಜೋಡಿಸುವ ಇನ್ನೊಂದು ಎಳೆ ಗ್ರಾಮಫೋನು. 1902ರ ಏಪ್ರಿಲಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಗ್ರಾಮಫೋನ್ ಕಂಪನಿಯವನು ಮಿಲಾನಿನ ಹೋಟೆಲ್ ಕೋಣೆಯಲ್ಲಿ ಕರೂಸೊನಿಂದ ಹತ್ತು ಹಾಡು ಹಾಡಿಸಿ ನೂರು ಪೌಂಡ್ ಕೊಟ್ಟ. ಅದೇ ವರ್ಷದ ಕೊನೆಗೆ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಹಿಡಿದ. ನಮ್ಮ ದೇಶದಲ್ಲಿ ತಟ್ಟೆಯ ವ್ಯಾಪಾರ ಹಾಗೆ ಬೇರೂರಿತು. ಮುಂದೆ ಮೂವತ್ತು ವರ್ಷಕ್ಕೆ ಗದಗಿನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆ ತಿರುಗುತ್ತಿತ್ತು. ಅದನ್ನು ಕೇಳಿದ ಹುಡುಗ ಭೀಮಸೇನ 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ. ಗ್ವಾಲಿಯರ್ ಮತ್ತಿತರ ಕಡೆ ಅಲೆದ. ಬೇಕಾದ ಗುರು ಕೊನೆಗೆ ಸಿಕ್ಕಿದ್ದು ಮನೆಯ ಹಿತ್ತಲಲ್ಲೇ ಅನ್ನಬಹುದಾದ ಕುಂದಗೋಳದಲ್ಲಿ.

ಯಾಕೆಂದರೆ ಅಷ್ಟರಲ್ಲಿ ಸವಾಯಿ ಗಂಧರ್ವರು ಊರಿಗೆ ಮರಳಿದ್ದರು. 1931ರಲ್ಲಿ ಮಾತಿನ ಸಿನಿಮಾ ಬಂದ ಮೇಲೆ ಕಂಪನಿ ನಾಟಕಗಳು ಒಂದೊಂದಾಗಿ ಸೊರಗಿದವು. ಹಾಡುವ ನಟರು ಬೈಠಕ್ಕು, ರೇಡಿಯೊ, ಪಾಠ ಅಂತ ದಾರಿ ನೋಡಿಕೊಂಡರು. ಇವರು ಕುಂದಗೋಳದಲ್ಲಿ ಕೂತು ಕಲಿಸಿದರು. ಭೀಮಸೇನರು 1936ರಿಂದ ನಾಲ್ಕೈದು ವರ್ಷ ಗುರುವಿನ ಮನೆಯಲ್ಲಿದ್ದು, ನೀರು ಹೊತ್ತು, ಕೆಲಸ ಮಾಡಿ ಕಲಿತರು. ಮುಖ್ಯವಾಗಿ ಕಲಿಸಿದ್ದು ತೋಡಿ, ಮುಲ್ತಾನಿ, ಪೂರಿಯಾ. ಮೂರು ರಾಗ ಸರಿಯಾಗಿ ಬಂದರೆ ಉಳಿದವು ತಾವೇ ಬರುತ್ತವೆ ಅನ್ನುವ ಪದ್ಧತಿ ಅದು. ವಾರಾಂತ್ಯದ ಕ್ಲಾಸಿಗೆ ಮಕ್ಕಳನ್ನು ಬಿಟ್ಟು ಆರು ತಿಂಗಳಿಗೆ ಎಷ್ಟು ರಾಗ ಆಯಿತು ಅಂತ ಲೆಕ್ಕ ಕೇಳುವ ನಮ್ಮಂಥ ಅಪ್ಪಂದಿರು ಇದನ್ನು ಗಮನಿಸಬೇಕು.

ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಮಾಡಿಸಿಕೊಂಡು ಮತ್ತೆ ರೈಲಿಗೇ ಮರಳುತ್ತಿದ್ದರು. ಮಕ್ಕಳೊಂದಿಗ, ಸಂಸಾರದ ಹೊಣೆ ಹೊತ್ತು, ಹಾಡುವ ಹೆಣ್ಣೆಂದು ಊರಿನ ಕೊಂಕು ಮಾತು ಕೇಳಿಕೊಂಡು ಓಡಾಡಿದ ಹಾದಿ ಅದು. ಬಸವರಾಜ ರಾಜಗುರು, ಪಾರಸಿ ಮನೆತನದ ಫಿರೋಜ್ ದಸ್ತೂರ್ ಇವರೂ ಅದೇ ಗುರುವಿನ ಶಿಷ್ಯರು. ಉತ್ತರದ ಮುಸ್ಲಿಂ ಉಸ್ತಾದರ ವಿದ್ಯೆ, ಕನ್ನಡದ ಗುರು, ಮರಾಠಿ ರಂಗದ ಬಿರುದು, ಪಾರಸಿ ಶಿಷ್ಯ. ಇದರಲ್ಲಿ "ನಮ್ಮವರು" ಅಂತ ಗೀಟು ಎಲ್ಲಿ ಎಳೆಯುವುದು ಹೇಳಿ?

1942ರಲ್ಲಿ ಸವಾಯಿ ಗಂಧರ್ವರಿಗೆ ಲಕ್ವ ಹೊಡೆಯಿತು, ಹಾಡುಗಾರಿಕೆ ಅಲ್ಲಿಗೆ ನಿಂತಂತಾಯಿತು. 1952ರ ಸೆಪ್ಟೆಂಬರ್ 12ರಂದು ತೀರಿಕೊಂಡರು. ಮರುವರ್ಷವೇ ಭೀಮಸೇನರು ಪುಣೆಯಲ್ಲಿ ಗುರುವಿನ ಹೆಸರಿನ ಸಂಗೀತೋತ್ಸವ ಶುರು ಮಾಡಿದರು. ಈಗದು ದೇಶದ ದೊಡ್ಡ ಸಂಗೀತ ಜಾತ್ರೆಗಳಲ್ಲಿ ಒಂದು. ನಮ್ಮ ಹೈದರಾಬಾದಿನಲ್ಲೂ ಇಂಥದೇ ಒಂದು ಕತೆ ಇದೆ. ಪಂಡಿತ್ ಮೋತಿರಾಂ 1934ರಲ್ಲಿ ನಿಜಾಮರ ಆಸ್ಥಾನದಲ್ಲಿ ಹಾಡಬೇಕಿದ್ದ ದಿನವೇ ಇಲ್ಲಿ ತೀರಿಕೊಂಡರು. ಆಗ ನಾಲ್ಕು ವರ್ಷದ ಮಗುವಾಗಿದ್ದ ಜಸರಾಜ್ ಮುಂದೆ ದೊಡ್ಡ ಗಾಯಕರಾಗಿ, ತಂದೆ ಮತ್ತು ಅಣ್ಣನ ಹೆಸರಿನಲ್ಲಿ ಈ ಊರಲ್ಲಿ ದಶಕಗಟ್ಟಲೆ ಸಮಾರೋಹ ನಡೆಸಿದರು. 2020ರಲ್ಲಿ ಅವರೂ ಹೋದರು. ಹರಿಯಾಣದ ಮನೆತನಕ್ಕೆ ಹೈದರಾಬಾದ್ ಊರಾಯಿತು, ಕುಂದಗೋಳದ ಹೆಸರಿಗೆ ಪುಣೆ ಮನೆಯಾಯಿತು.

ಕರೂಸೊ ಜಗತ್ತನ್ನೇ ಗೆದ್ದ, ಆದರೆ ಊರಿನ ರಂಗಕ್ಕೆ ಬೆನ್ನು ಹಾಕಿದ. ಅವನ ದನಿ ತಟ್ಟೆಯಲ್ಲಿ ಉಳಿಯಿತು. ಸವಾಯಿ ಗಂಧರ್ವರು ಹಡಗು ಹತ್ತಿ ಕಡಲಾಚೆಗೆ ಹಾಡಲು ಹೋದವರಲ್ಲ. ಕಡಲು ದಾಟಿದ್ದು ಅವರ ಶಿಷ್ಯರು. ಮರಾಠಿಯಲ್ಲಿ ಗಳಿಸಿದ್ದನ್ನು ಕನ್ನಡದ ಸಣ್ಣ ಊರಿಗೆ ತಂದು, ಕೈಲಿ ಕಾಸಿಲ್ಲದ ಹುಡುಗರಿಗೂ ಹಂಚಿದರು. ಮುಂದೆ ಭೀಮಸೇನರು ಖ್ಯಾಲಿನ ಜೊತೆಗೆ ಕನ್ನಡದ ದಾಸರ ಪದಗಳನ್ನು ಹಾಡಿದರು. ಪುಣೆಯ ಮನೆಗಳಲ್ಲೂ ಪುರಂದರದಾಸರು ಕೇಳಿಸಿದರು. ಇದಕ್ಕಿಂತ ದೊಡ್ಡ ಮರುಪಾವತಿ ಇನ್ನೇನಿದೆ?

ನಾವು ಹೊರಗಿನವರು ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕೆ ಸೇರಿ ಊರಿಂದ ಕಲಾವಿದರನ್ನು ಕರೆಸಿ ಶಾಲು ಹೊದಿಸುತ್ತೇವೆ. ಅದು ಒಳ್ಳೆಯದೇ. ಆದರೆ ಇಲ್ಲಿ ಕಲಿತದ್ದರಲ್ಲಿ ಊರಿಗೆ ಏನು ಕೊಟ್ಟೆವು ಅನ್ನುವ ಲೆಕ್ಕವೂ ಇರಬೇಕು. ಸಾಫ್ಟ್‌ವೇರ್ ಇರಲಿ, ವೈದ್ಯ ಇರಲಿ, ಹಾಡು ಇರಲಿ, ಒಬ್ಬ ಹುಡುಗನಿಗೆ ಸರಿಯಾಗಿ ಮೂರು ರಾಗ ಕಲಿಸಿದರೆ ಸಾಕು.

ಮುಂದಿನ ಸಲ ಹುಬ್ಬಳ್ಳಿ ಕಡೆ ಹೋದಾಗ ಅರ್ಧ ದಿನ ಬಿಡುವು ಮಾಡಿಕೊಂಡು ಕುಂದಗೋಳಕ್ಕೆ ಹೋಗಿ ಬನ್ನಿ. ಅಲ್ಲಿ ನಾಡಿಗೇರರ ವಾಡೆ ಇದೆ. ಅಬ್ದುಲ್ ಕರೀಂ ಖಾನರಂಥವರಿಗೆ ಆಸರೆ ಕೊಟ್ಟ ಮನೆತನ ಅದು. ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತ ಅಲ್ಲಿ ಅಹೋರಾತ್ರಿ ನಡೆಯುತ್ತ ಬಂದಿದೆ. ದೊಡ್ಡ ದೊಡ್ಡವರು ಬಂದು ಹಾಡಿದ್ದಾರೆ. ಮಕ್ಕಳನ್ನೂ ಕರೆದುಕೊಂಡು ಹೋಗಿ, ನಿದ್ದೆ ಬಂದರೆ ಅಲ್ಲೇ ಜಮಖಾನದ ಮೇಲೆ ಮಲಗಲಿ. ಬೆಳಗಿನ ತೋಡಿಯ ಹೊತ್ತಿಗೆ ಎಬ್ಬಿಸಿದರಾಯಿತು.