ಇಗ್ಬೊ ಜಲದೇವತೆಗಳು: ಆರಾಧನೆಯ ಇತಿಹಾಸ

ಆಗ್ನೇಯ ನೈಜೀರಿಯಾದ ಇಮೊ ರಾಜ್ಯದಲ್ಲಿ ಒಗುಟಾ ಎಂಬ ಊರಿದೆ. ಊರಿನ ಮಗ್ಗುಲಿಗೇ ಅದೇ ಹೆಸರಿನ ಸರೋವರ. ಊರವರ ಪಾಲಿಗೆ ಆ ಸರೋವರವೇ ಒಗ್ಬುಯಿದೆ ಎಂಬ ದೇವಿ. ಉಹಮ್ಮಿರಿ ಎಂಬುದು ಅವಳ ಇನ್ನೊಂದು ಹೆಸರು. ಪಕ್ಕದಲ್ಲಿ ಹರಿಯುವ ಉರಾಶಿ ನದಿ ಅವಳ ಗಂಡ. ನದಿಯ ಕಂದು ನೀರು, ಸರೋವರದ ನೀಲಿ-ಹಸಿರು ನೀರು ಕೂಡುವ ಕಡೆ ಎರಡೂ ಬೆರೆಯದೆ ಪಕ್ಕಪಕ್ಕದಲ್ಲೇ ಸಾಗುವುದು ಕಣ್ಣಿಗೆ ಕಾಣುತ್ತದೆ. ಗಂಡ ಹೆಂಡಿರ ನಡುವೆ ಹೊಂದಾಣಿಕೆ ಇಲ್ಲದ್ದೇ ಇದಕ್ಕೆ ಕಾರಣವೆಂದು ಊರಲ್ಲಿ ಹೇಳುತ್ತಾರೆ.

ಇಗ್ಬೊ ಜನರ ಸಾಂಪ್ರದಾಯಿಕ ಧರ್ಮದಲ್ಲಿ ಚುಕ್ವು ಎಲ್ಲಕ್ಕೂ ಮೇಲಿನ ದೈವ, ಆಲಾ ಭೂತಾಯಿ. ಇವರಿಬ್ಬರನ್ನು ಇಗ್ಬೊ ನಾಡಿನಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಬಲ್ಲರು. ಜಲದೇವತೆಗಳ ವಿಷಯ ಹಾಗಲ್ಲ. ಒಬ್ಬೊಬ್ಬಳು ಒಂದೊಂದು ನೀರಿಗೆ ಸೇರಿದವಳು: ಒವೆರ್ರಿಗೆ ಒಟಮಿರಿ, ಅನಂಬ್ರಾ ಸೀಮೆಗೆ ಇದೆಮಿಲಿ, ಒಗುಟಾಕ್ಕೆ ಒಗ್ಬುಯಿದೆ. ಒಬ್ಬಳ ಪೂಜಾರಿಗೆ ಇನ್ನೊಬ್ಬಳ ನೀರಿನ ಮೇಲೆ ಅಧಿಕಾರವಿಲ್ಲ. ಇಡೀ ನಾಡಿಗೆ ಒಪ್ಪುವ ಒಂದು ಶಾಸ್ತ್ರಗ್ರಂಥವಾಗಲಿ ಒಂದು ಮಠವಾಗಲಿ ಇಲ್ಲದ್ದರಿಂದ ಈ ಆರಾಧನೆಯ ಇತಿಹಾಸವನ್ನೂ ಊರೂರಿನ ಲೆಕ್ಕದಲ್ಲೇ ಹೇಳಬೇಕಾಗುತ್ತದೆ.

ಇದೆಮಿಲಿಯ ದೂತ ಹೆಬ್ಬಾವು. ಅಲ್ಲಿನ ಹಳ್ಳಿಗಳಲ್ಲಿ ಅದು ಮನೆಯೊಳಗೆ ಹರಿದು ಬಂದರೂ ಹೊಡೆಯುವಂತಿಲ್ಲ. ಕೈತಪ್ಪಿ ಕೊಂದವನು ಸತ್ತ ಮನುಷ್ಯನಿಗೆ ಮಾಡುವಂತೆ ಅದಕ್ಕೆ ಉತ್ತರಕ್ರಿಯೆ ಮಾಡಬೇಕು. ಇದೆಮಿಲಿ ಸೀಮೆಯ ಒಗಿಡಿಯಲ್ಲಿ ಬೆಳೆದ ಕಾದಂಬರಿಕಾರ ಚಿನುವಾ ಅಚೆಬೆಗೆ ಇದು ಕೇಳಿ ತಿಳಿದ ಸಂಗತಿಯಲ್ಲ, ನೆರೆಹೊರೆಯ ಬದುಕು. ಅವರ 1964ರ ‘ಆ್ಯರೋ ಆಫ್ ಗಾಡ್’ ಕಾದಂಬರಿಯಲ್ಲಿ ಪೂಜಾರಿಯ ಮಗನೊಬ್ಬ ಕ್ರೈಸ್ತರ ಸಹವಾಸದಲ್ಲಿ ಹುರುಪೇರಿ, ದೇವರ ಹಾವನ್ನು ಪೆಟ್ಟಿಗೆಯೊಳಗೆ ಕೂಡಿಹಾಕುತ್ತಾನೆ. ಮಿಷನರಿಗಳಿಗೂ ಹಳೆಯ ನಂಬಿಕೆಗೂ ನಡೆದ ಜಗಳವನ್ನು ಆ ಒಂದು ಪೆಟ್ಟಿಗೆಯಷ್ಟು ಚೆನ್ನಾಗಿ ಯಾವ ವಸಾಹತು ವರದಿಯೂ ಹೇಳಿಲ್ಲ.

ಆಚರಣೆಯ ಬೆನ್ನೆಲುಬು ಇಗ್ಬೊ ವಾರ. ಅದಕ್ಕೆ ಎಕೆ, ಒರಿಯೆ, ಅಫೊ, ನ್ಕ್ವೊ ಎಂದು ನಾಲ್ಕೇ ದಿನ. ನಾಲ್ಕೂ ಸಂತೆಯ ದಿನಗಳ ಹೆಸರು. ಒರಿಯೆ ಒಗ್ಬುಯಿದೆಯ ದಿನ, ಅಂದು ಸರೋವರದಲ್ಲಿ ಮೀನು ಹಿಡಿಯುವುದು ನಿಷಿದ್ಧ. ನಾಲ್ಕು ದಿನಕ್ಕೊಮ್ಮೆ ಬಲೆಗೆ ಬಿಡುವು ಸಿಕ್ಕಿದರೆ ಮೀನಿಗೂ ಒಳ್ಳೆಯದೇ. ಭಕ್ತೆಯರು ಬಿಳಿ ಬಟ್ಟೆ ಉಡುತ್ತಾರೆ. ನೀರಂಚಿನಲ್ಲಿ ಮೊದಲು ಕೋಲಾ ಬೀಜ ಮುರಿದು ಪ್ರಾರ್ಥನೆ, ಆಮೇಲೆ ನ್ಜು ಎಂಬ ಬಿಳಿ ಸೀಮೆಸುಣ್ಣದಂಥ ಜೇಡಿಮಣ್ಣಿನಿಂದ ಗೀರು ಎಳೆಯುವುದು, ಮೊಟ್ಟೆ, ಬಿಳಿ ಕೋಳಿ ಅರ್ಪಿಸುವುದು. ಬಿಳುಪೇ ಇಲ್ಲಿ ಮಡಿಯ ಬಣ್ಣ.

ಹುಟ್ಟು ಸಾವುಗಳಿಗೂ ನೀರಿಗೂ ನಂಟಿದೆ. ಜೀವ ಈ ಲೋಕಕ್ಕೆ ಬರುವಾಗ ನೀರು ದಾಟಿ ಬರುತ್ತದೆ ಎಂಬ ನಂಬಿಕೆ ಒಗುಟಾ ಕಡೆ ಇದೆ. ಮತ್ತೆ ಮತ್ತೆ ಹುಟ್ಟಿ ಎಳವೆಯಲ್ಲೇ ಸಾಯುವ ಮಗುವಿಗೆ ‘ಒಗ್ಬಂಜೆ’ ಎನ್ನುತ್ತಾರೆ. ಹಲವು ಕಡೆ ಅದನ್ನು ನೀರಿನ ಆತ್ಮಗಳ ಬಳಗಕ್ಕೆ ಸೇರಿದ್ದೆಂದು ಬಗೆಯುತ್ತಾರೆ. ಮಗು ಎಲ್ಲೋ ಹೂತಿಟ್ಟ ‘ಇಯಿ-ಉವಾ’ ಎಂಬ ಗುರುತಿನ ಕಲ್ಲನ್ನು ವೈದ್ಯ ಅಗೆದು ತೆಗೆದರೆ ಬಂಧ ಕಡಿಯಿತೆಂದು ಅರ್ಥ. ಮಕ್ಕಳನ್ನು ಒಂದಾದ ಮೇಲೊಂದು ಮಣ್ಣು ಮಾಡಿದ ತಾಯಂದಿರಿಗೆ ಆ ಅಗೆತ ಕೊಡುತ್ತಿದ್ದ ಧೈರ್ಯವನ್ನು ಹಗುರವಾಗಿ ನೋಡುವಂತಿಲ್ಲ. ಕುಡಗೋಲು ಕಣರೋಗ ಇಂಥ ಸಾವುಗಳಲ್ಲಿ ಕೆಲವಕ್ಕೆ ಕಾರಣವಿದ್ದೀತು ಎಂದು ನೈಜೀರಿಯಾದ ವೈದ್ಯರು ವಿವರಿಸಿದ್ದು ಬಹಳ ಕಾಲದ ಮೇಲೆ.

ಒವೆರ್ರಿ ಸುತ್ತಿನಲ್ಲಿ ಮಳೆಗಾಲದಲ್ಲಿ ಒಕೊರೋಶಿ ವೇಷಗಳು ಹೊರಡುತ್ತವೆ. ಇವು ನೀರಿನ ಆತ್ಮಗಳ ವೇಷ. ಬಿಳಿ ಮುಖವಾಡದವು ಚೆಲುವಾಗಿ ಕುಣಿದರೆ, ಕಪ್ಪು ಮುಖವಾಡದವು ವಿಕಾರವಾಗಿ ಗದರಿಸುತ್ತ ಓಡಾಡುತ್ತವೆ. ಹರ್ಬರ್ಟ್ ಕೋಲ್ ಮತ್ತು ಚಿಕೆ ಅನಿಯಾಕೊರ್ 1984ರಲ್ಲಿ ಹೊರತಂದ ಇಗ್ಬೊ ಕಲೆಯ ಗ್ರಂಥದಲ್ಲಿ ಇಂಥ ವೇಷಗಳ ವಿವರಗಳಿವೆ.

1857ರಲ್ಲಿ ಆಂಗ್ಲಿಕನ್ ಮಿಷನ್ ನೈಜರ್ ನದಿಯ ದಡದ ಒನಿಟ್ಶಾದಲ್ಲಿ ನೆಲೆಯೂರಿತು, 1885ರಲ್ಲಿ ಕ್ಯಾಥೊಲಿಕರು ಬಂದರು. ಅದೇ ನದಿಯಲ್ಲಿ ತಾಳೆ ಎಣ್ಣೆಯ ವ್ಯಾಪಾರವೂ ಬೆಳೆಯಿತು. ಹಡಗುಗಳ ಜೊತೆ ಬಂದ ಒಂದು ಚಿತ್ರ ಜಲದೇವತೆಯ ಮುಖವನ್ನೇ ಬದಲಿಸಿತು. 1880ರ ದಶಕದಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಒಬ್ಬ ಹಾವಾಡಗಿತ್ತಿಯ ಪ್ರದರ್ಶನಕ್ಕೆಂದು ಬಣ್ಣದ ಭಿತ್ತಿಚಿತ್ರ ಅಚ್ಚಾಯಿತು: ಕೆದರಿದ ಉದ್ದ ಕೂದಲು, ಕೈಯಲ್ಲೂ ಕೊರಳಲ್ಲೂ ಹಾವು. ಅದು ಪಶ್ಚಿಮ ಆಫ್ರಿಕಾದ ಕರಾವಳಿಗೆ ತಲುಪಿದಾಗ ಜನ ಗುರುತಿಸಿದ್ದು ಸರ್ಕಸ್ಸಿನ ಹೆಂಗಸನ್ನಲ್ಲ, ನೀರಿನ ದೇವಿಯನ್ನು. 1901ರಲ್ಲಿ ನೈಜರ್ ಮುಖಜಭೂಮಿಯಲ್ಲಿ ತೆಗೆದ ಫೋಟೋದಲ್ಲಿ ಆ ಚಿತ್ರವನ್ನೇ ಹೋಲುವ ಮರದ ಶಿರೋಭೂಷಣವಿದೆ. ಹೀಗೆ ‘ಮಾಮಿ ವಾಟಾ’ ಎಂಬ ಜಲದೇವತೆ ರೂಪ ತಳೆದಳು.

ಈ ಕತೆಯಲ್ಲಿ ಭಾರತಕ್ಕೂ ಪಾಲಿದೆ. 1955ರಲ್ಲಿ ಬೊಂಬಾಯಿಯ ಶ್ರೀರಾಮ್ ಕ್ಯಾಲೆಂಡರ್ ಕಂಪನಿ ಇದೇ ಚಿತ್ರದ 12,000 ಪ್ರತಿಗಳನ್ನು ಅಚ್ಚು ಹಾಕಿ ಇಂದಿನ ಘಾನಾದ ಕುಮಾಸಿಗೆ ಕಳಿಸಿತು. ಭಾರತೀಯ ಅಂಗಡಿಗಳಲ್ಲಿ ಸಿಗುತ್ತಿದ್ದ ಲಕ್ಷ್ಮಿ, ದತ್ತಾತ್ರೇಯರ ಪಟಗಳೂ ಪಶ್ಚಿಮ ಆಫ್ರಿಕಾದ ಕೆಲವು ಭಕ್ತರ ಪೂಜೆಯ ಮೇಜು ಏರಿದವು. ಆ ಮೇಜಿನ ಮೇಲೆ ಕನ್ನಡಿ, ಬಾಚಣಿಗೆ, ಪೌಡರ್, ಅತ್ತರು, ತಂಪು ಪಾನೀಯದ ಬಾಟಲಿ ಎಲ್ಲವೂ ನೈವೇದ್ಯ.

ಹಾಗಾದರೆ ಮಾಮಿ ವಾಟಾ ಪರದೇಶದವಳೇ? ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಚಿತ್ರದ ಪಯಣಕ್ಕೆ ಒತ್ತು ಕೊಟ್ಟರೆ, ಒಗುಟಾದಲ್ಲಿ ದೀರ್ಘಕಾಲ ಕ್ಷೇತ್ರಕಾರ್ಯ ನಡೆಸಿದ ಸಬೀನ್ ಯೆಲ್-ಬಾಲ್ಸೆನ್ ಒಳಗಿರುವ ದೇವಿ ಬಹಳ ಹಳೆಯವಳು ಎಂದು ವಾದಿಸಿದರು. ಚಿತ್ರ ಹೊಸದು, ದೇವಿ ಹಳಬಳು ಎಂದರೆ ಇಬ್ಬರ ಮಾತಿಗೂ ಚ್ಯುತಿಯಿಲ್ಲ.

ಒಗುಟಾದ ದೇವಿಯನ್ನು ಹೊರಜಗತ್ತಿಗೆ ಪರಿಚಯಿಸಿದವರು ಅದೇ ಊರಿನ ಫ್ಲೋರಾ ನ್ವಾಪಾ. 1966ರ ಅವರ ‘ಎಫುರು’ ಕಾದಂಬರಿಯಲ್ಲಿ ಉಹಮ್ಮಿರಿ ತನ್ನ ಭಕ್ತೆಗೆ ಚೆಲುವು, ಐಶ್ವರ್ಯ ಕೊಡುತ್ತಾಳೆ, ಮಕ್ಕಳನ್ನು ಕೊಡುವುದಿಲ್ಲ. ಊರಿನ ಭಕ್ತರು ಇದನ್ನು ಒಪ್ಪುವುದಿಲ್ಲ. ಅವರ ಒಗ್ಬುಯಿದೆ ಮಕ್ಕಳನ್ನೂ ಕೊಡುವ ತಾಯಿ. ಮಕ್ಕಳಿಲ್ಲದ ಹೆಣ್ಣಿಗೂ ಅಂತಸ್ತಿನ ಬದುಕಿದೆ ಎಂದು ತೋರಿಸಲು ನ್ವಾಪಾ ದೇವಿಯನ್ನು ಒಂದಿಷ್ಟು ತಿದ್ದಿದರು ಎನ್ನಬಹುದು. ಕಾದಂಬರಿಕಾರ್ತಿಗೆ ಆ ಹಕ್ಕು ಇದ್ದೇ ಇದೆ.

1968ರ ಸೆಪ್ಟೆಂಬರಿನಲ್ಲಿ, ನೈಜೀರಿಯಾದಿಂದ ಬೇರೆಯಾಗಲು ಹೊರಟ ಬಿಯಾಫ್ರಾದ ಯುದ್ಧದ ನಡುವೆ, ನೈಜೀರಿಯಾದ ಪಡೆಗಳು ಒಗುಟಾವನ್ನು ಹಿಡಿದವು. ಕೆಲವೇ ದಿನಗಳಲ್ಲಿ ಬಿಯಾಫ್ರಾ ಸೇನೆ ಅದನ್ನು ಮರಳಿ ಪಡೆಯಿತು. ಶತ್ರುಗಳ ದೋಣಿಗಳನ್ನು ಮುಳುಗಿಸಿದ್ದು ಒಗ್ಬುಯಿದೆಯೇ ಎಂದು ಊರವರು ಹೇಳುತ್ತಾರೆ.

ಅವಳಿಗೆ ನಿಜವಾದ ಎದುರಾಳಿ ಬಂದೂಕಿನ ದೋಣಿಯಲ್ಲ, ಪೆಂತೆಕೊಸ್ತ್ ಚರ್ಚು. 1980ರ ದಶಕದಿಂದೀಚೆಗೆ ಪ್ರವಚನ, ಕಿರುಪುಸ್ತಕ, ನೈಜೀರಿಯಾದ ನಾಲಿವುಡ್ ಸಿನಿಮಾಗಳು ಸೇರಿ ಜಲದೇವತೆಯನ್ನು ಸಮುದ್ರದಾಳದ ಪಿಶಾಚಿಯಾಗಿ ಮಾಡಿಬಿಟ್ಟವು. ಹಣ, ಸೊಗಸು, ಗಂಡಿನ ಹಂಗಿಲ್ಲದ ಹೆಣ್ಣು, ಇವೆಲ್ಲದರ ಬಗೆಗಿನ ಭಯವನ್ನು ಅವಳ ತಲೆಗೇ ಕಟ್ಟಿದವು. ಬಹಿರಂಗವಾಗಿ ಪೂಜಿಸುವವರು ಕಡಿಮೆಯಾದರೂ ಅವಳಿದ್ದಾಳೆ ಎಂಬುದನ್ನು ಬೋಧಕರೂ ಅಲ್ಲಗಳೆಯುವುದಿಲ್ಲ. ಅಲ್ಲಗಳೆದರೆ ಬಿಡಿಸಲು ಅವರಿಗೆ ದೆವ್ವವೇ ಉಳಿಯುವುದಿಲ್ಲ. ಸರೋವರಕ್ಕೆ ಮಾತ್ರ ಇನ್ನೊಂದು ಬಗೆಯ ಮನ್ನಣೆ ಸಿಕ್ಕಿದೆ: 2008ರಲ್ಲಿ ಒಗುಟಾ ಸರೋವರವನ್ನು ರಾಮ್ಸಾರ್ ಒಪ್ಪಂದದಡಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು.